ಸಂಕಷ್ಟಿಯ ದಿನವೂ ಎಂಟಕ್ಕೇ ಹೊಡೆಯುವ ಅಲಾರಾಂ

ಮೊನ್ನೆ ಸಂಕಷ್ಟಿಯ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಮ್ಮನ ಮೊಬೈಲ್ ಹೊಡೆದುಕೊಂಡಿತು. ‘ಸಕ್ಕರೆ ಮಾತ್ರೆ, ತಿಂಡಿಗೆ ಮುಂಚೆ.’ ಅಮ್ಮ ದೇವರ ಮನೆಯಿಂದ ಎದ್ದು ಬಂದು, ಡಬ್ಬಿ ತೆರೆದು, ಮಾತ್ರೆಯನ್ನು ಅಂಗೈಗೆ ಹಾಕಿಕೊಂಡಳು. ಆ ದಿನ ಅವಳಿಗೆ ತಿಂಡಿಯೇ ಇಲ್ಲ. ರಾತ್ರಿ ಚಂದ್ರೋದಯವಾಗುವವರೆಗೆ ಉಪವಾಸ. ನಾನು ಅಲ್ಲೇ ಇದ್ದೆ, ಕೈ ಹಿಡಿದು ತಡೆದೆ. “ತೆಗೆದುಕೋ ಎಂದು ಫೋನೇ ಹೇಳುತ್ತಿದೆಯಲ್ಲೇ” ಎಂದಳು.

ಅವಳು ನುಂಗಲಿದ್ದದ್ದು ಗ್ಲಿಮೆಪಿರೈಡ್. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಹೊಟ್ಟೆಗೆ ಏನಾದರೂ ಬಿದ್ದರೆ ಸರಿ, ಬೀಳದಿದ್ದರೆ ರಕ್ತದ ಸಕ್ಕರೆ ಇಳಿಯಬಾರದಷ್ಟು ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ, ಮಿತಿಮೀರಿದರೆ ಪ್ರಜ್ಞೆಯೂ ತಪ್ಪಬಹುದು. ಉಪವಾಸದ ದಿನ ಏನು ಮಾಡಬೇಕೆಂದು ನಮ್ಮ ಡಾಕ್ಟರು ಚೀಟಿಯಲ್ಲಿ ಬರೆದೇ ಕೊಟ್ಟಿದ್ದಾರೆ. ಆದರೆ ಎಪ್ಪತ್ತು ದಾಟಿದ ಅಮ್ಮನಿಗೆ ಈಗ ಚೀಟಿಗಿಂತ ಫೋನಿನ ಮೇಲೆ ನಂಬಿಕೆ ಹೆಚ್ಚು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಹಿಂದಿನ ಸಂಜೆ ಅದೇ ಫೋನಿಗೆ ಒಂದು ದಿನಸಿ ಆ್ಯಪ್‌ನಿಂದ ಸಂದೇಶ ಬಂದಿತ್ತು: ನಾಳೆ ಸಂಕಷ್ಟಿ, ಗರಿಕೆ, ಕೆಂಪು ದಾಸವಾಳ, ತೆಂಗಿನಕಾಯಿ ಕೂಡಲೇ ತರಿಸಿಕೊಳ್ಳಿ. ಮಾರುವಾಗ ಫೋನಿಗೆ ನಾಳೆ ಸಂಕಷ್ಟಿ ಎಂದು ಗೊತ್ತು. ನಾವು ಯಾವ ಬಡಾವಣೆಯಲ್ಲಿದ್ದೇವೆ ಎಂದೂ ಗೊತ್ತು. ಮಾತ್ರೆ ನೆನಪಿಸುವಾಗ ಮಾತ್ರ ಎಂಟು ಗಂಟೆಯ ಹೊರತು ಬೇರೇನೂ ಗೊತ್ತಿಲ್ಲ.

ಅಮ್ಮನ ಔಷಧಿಗಳನ್ನೇ ನೋಡಿ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಮೆಟ್‌ಫಾರ್ಮಿನ್ ಊಟದ ಜೊತೆಗೆ. ಡಾಕ್ಟರ ಚೀಟಿಯಲ್ಲಿ 1-0-1 ಎಂದಿರುತ್ತದೆ, ಪಕ್ಕದಲ್ಲಿ ‘ಊಟದ ನಂತರ’ ಎಂದಿರುತ್ತದೆ. ಗಡಿಯಾರದ ಗಂಟೆ ಎಲ್ಲಿಯೂ ಇಲ್ಲ. ವೈದ್ಯರು ಹೇಳುವುದು ಊಟದ ಲೆಕ್ಕದಲ್ಲಿ, ಮನೆ ನಡೆಯುವುದೂ ಊಟದ ಲೆಕ್ಕದಲ್ಲಿ, ನಡುವೆ ಬಂದ ಆ್ಯಪ್ ಮಾತ್ರ ಗಂಟೆಯ ಲೆಕ್ಕ ಹಿಡಿದು ಕುಳಿತಿದೆ. ನೆಂಟರು ಬಂದು ತಿಂಡಿ ಹತ್ತಕ್ಕೆ ಹೋದರೂ ಅದು ಎಂಟಕ್ಕೇ ಕೂಗುತ್ತದೆ.

ಇದು ಯಾರಿಗೂ ಹೊಳೆಯದ ವಿಷಯವೂ ಅಲ್ಲ. ಝೆರಾಕ್ಸ್ ಸಂಸ್ಥೆಯ ಪಾರ್ಕ್ ಪ್ರಯೋಗಾಲಯದ ಮಾರ್ಕ್ ವೈಸರ್, ಕಂಪ್ಯೂಟರುಗಳು ನಿತ್ಯದ ವಸ್ತುಗಳೊಳಗೆ ಸೇರಿ ಕಣ್ಣಿಗೆ ಬೀಳದಂತೆ ಕೆಲಸ ಮಾಡಬೇಕು ಎಂದು ಬರೆದದ್ದು 1991ರಲ್ಲಿ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಅನಿಂದ್ ಡೇ ಮತ್ತು ಗ್ರೆಗರಿ ಅಬೋವ್ಡ್ 2000ದಲ್ಲಿ ‘ಸೈಬರ್‌ಮೈಂಡರ್’ ಎಂಬ ವ್ಯವಸ್ಥೆಯನ್ನು ಮುಂದಿಟ್ಟರು. ಬರೀ ಸಮಯಕ್ಕಲ್ಲ, ಮನುಷ್ಯ ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ, ಸುತ್ತ ಏನು ನಡೆಯುತ್ತಿದೆ ಎಂಬುದಕ್ಕೆ ನೆನಪೋಲೆಯನ್ನು ಕಟ್ಟುವುದೇ ಅದರ ಉದ್ದೇಶ. ಜಾಗ ತಲುಪಿದಾಗ ನೆನಪಿಸುವ ಸೌಲಭ್ಯ 2011ರಲ್ಲೇ ಐಫೋನಿಗೆ ಬಂತು. ಇಷ್ಟು ವರ್ಷಗಳಾದ ಮೇಲೂ ಔಷಧಿಯ ಆ್ಯಪ್ ತೆರೆದರೆ ಮೊದಲ ಪ್ರಶ್ನೆ: ಎಷ್ಟು ಗಂಟೆಗೆ?

ತಿಂಡಿಯ ಹೊತ್ತನ್ನು ಯಂತ್ರ ಹೇಗೆ ತಿಳಿಯಬೇಕು ಎಂದು ನನ್ನ ತಮ್ಮನನ್ನು ಕೇಳಿದೆ. ಅವನು ಅಡುಗೆಮನೆಯ ಕಡೆ ನೋಡಿ ಒಂದೇ ಮಾತು ಹೇಳಿದ: “ಮಿಕ್ಸಿ.” ನಮ್ಮ ಮನೆಯಲ್ಲಿ ಬೆಳಿಗ್ಗೆ ಮಿಕ್ಸಿ ತಿರುಗಿತೆಂದರೆ ಚಟ್ನಿ, ಚಟ್ನಿಯೆಂದರೆ ಇನ್ನು ಸ್ವಲ್ಪ ಹೊತ್ತಿಗೆ ತಿಂಡಿ. ವಿದ್ಯುತ್ ಬಳಕೆ ಅಳೆಯುವ ಒಂದು ಸ್ಮಾರ್ಟ್ ಪ್ಲಗ್ ತಂದು ಮಿಕ್ಸಿಗೆ ಸಿಕ್ಕಿಸಿದ. ಮಾತ್ರೆ ಡಬ್ಬಿಯ ಮುಚ್ಚಳಕ್ಕೆ, ಬಾಗಿಲಿಗೆ ಹಾಕುವಂಥ ಪುಟ್ಟ ಮ್ಯಾಗ್ನೆಟ್ ಸೆನ್ಸರ್ ಅಂಟಿಸಿದ. ಎರಡನ್ನೂ ರಾಸ್ಪ್‌ಬೆರಿ ಪೈ ಎಂಬ ಹಳೆಯ ಪುಟ್ಟ ಕಂಪ್ಯೂಟರ್ ಒಂದರಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶಕ್ಕೆ ಜೋಡಿಸಿದ. ಈ ವರ್ಷದ ಸಂಕಷ್ಟಿ, ಏಕಾದಶಿಗಳನ್ನು ಪಂಚಾಂಗ ನೋಡಿ ಅದಕ್ಕೆ ತುಂಬಿಸಿದವಳು ನಾನು. ಈಗ ಮಿಕ್ಸಿ ನಿಂತ ಮೇಲೂ ಡಬ್ಬಿ ತೆರೆಯದಿದ್ದರೆ ಮಾತ್ರ ತಮ್ಮನ ದನಿಯಲ್ಲಿ ಕನ್ನಡದಲ್ಲೇ ನೆನಪಿಸುತ್ತದೆ. ಉಪವಾಸದ ದಿನವಾದರೆ “ಅಮ್ಮಾ, ಇವತ್ತು ಡಾಕ್ಟರ ಚೀಟಿ ನೋಡು” ಎನ್ನುತ್ತದೆ. ಡಬ್ಬಿ ತೆರೆದಾಗಿದ್ದರೆ ಸುಮ್ಮನಿರುತ್ತದೆ. ಹಾಗೆ ಸುಮ್ಮನಿರುವುದು ನನಗೆ ಎಷ್ಟು ಹಿಡಿಸಿತೆಂದರೆ, ಅಮ್ಮನ ಫೋನಿನಲ್ಲಿದ್ದ ಅಷ್ಟೂ ಅಲಾರಾಂಗಳನ್ನು ಆ ದಿನವೇ ಅಳಿಸಿದೆ.

ಮನೆಯೊಳಗಿನ ಒಂದೊಂದು ಚಲನೆಯನ್ನೂ ಯಂತ್ರಕ್ಕೆ ಒಪ್ಪಿಸಬೇಕೇ, ಇದು ಬೇಹುಗಾರಿಕೆ ಅಲ್ಲವೇ ಎಂದು ಕೆಲವರು ಕೇಳುತ್ತೀರಿ. ಕೇಳಬೇಕಾದದ್ದೇ. ಆದರೆ ನಮ್ಮ ಮಿಕ್ಸಿಯ ಸುದ್ದಿ ಮನೆಯ ವೈಫೈ ದಾಟಿ ಹೋಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಎಲ್ಲರ ಫೋನೂ ಒಮ್ಮೆಲೇ ಕಿರುಚಿದ್ದು ನೆನಪಿದೆಯೇ? ವಿಪತ್ತಿನ ಎಚ್ಚರಿಕೆಯ ಪರೀಕ್ಷೆ ಅದು. ಸೆಲ್ ಬ್ರಾಡ್‌ಕಾಸ್ಟ್ ವಿಧಾನದಲ್ಲಿ ಟವರ್ ತನ್ನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಸಂದೇಶ ಸಾರುತ್ತದೆ. ಯಾರ ನಂಬರೂ ಅದಕ್ಕೆ ಬೇಕಿಲ್ಲ. ಇರುವ ಜಾಗಕ್ಕೆ ತಕ್ಕ ಮಾಹಿತಿ ಸಿಗಬೇಕಾದರೆ ನಮ್ಮ ಗುಟ್ಟು ಒತ್ತೆ ಇಡಲೇಬೇಕು ಎನ್ನುವುದು ಸುಳ್ಳು. ಅಷ್ಟಕ್ಕೂ ಗರಿಕೆ ಮಾರುವವರಿಗೆ ಆ ವಿವರವೆಲ್ಲ ಆಗಲೇ ತಲುಪಿದೆ. ಉಪಯೋಗ ಮಾತ್ರ ಅಮ್ಮನಿಗೆ ತಲುಪಿಲ್ಲ.

ಇನ್ನೊಂದು ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ: ‘ಇದೆಲ್ಲ ಮಕ್ಕಳು ನೋಡಿಕೊಳ್ಳಬೇಕು, ಯಂತ್ರ ಯಾಕೆ?’ ನಾನು ನೋಡಿಕೊಳ್ಳುತ್ತಲೇ ಇದ್ದೇನೆ. ಆದರೆ ಒಂಬತ್ತಕ್ಕೆ ಕಚೇರಿಯಲ್ಲಿರಬೇಕಾದ ದಿನ ಎಂಟಕ್ಕೆ ಬಸ್ಸಿನಲ್ಲಿರುತ್ತೇನೆ. ಮನೆಯಿಂದ ಕರೆ ಬಂದರೆ ಎತ್ತುವ ಮೊದಲೇ ಎದೆ ಹೊಡೆದುಕೊಳ್ಳುತ್ತದೆ. ಈ ಭಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಅಕ್ಕರೆಗೆ ಬದಲಿಯಾಗಿ ನಾನು ಯಂತ್ರವನ್ನು ತಂದಿಲ್ಲ, ನಾನಿಲ್ಲದ ಹೊತ್ತಿಗೆ ತಂದಿದ್ದೇನೆ.

ನಮ್ಮ ಮನೆಯಲ್ಲಿ ಇದು ಸಾಧ್ಯವಾದದ್ದು ತಮ್ಮನಿಗೆ ಸೋಲ್ಡರಿಂಗ್, ಕೋಡಿಂಗ್ ಬರುವುದರಿಂದ. ಎದುರು ಮನೆಯ ಅಜ್ಜಿಗೂ ಸಕ್ಕರೆ ಕಾಯಿಲೆಯಿದೆ, ಅವರೂ ಸಂಕಷ್ಟಿ ಮಾಡುತ್ತಾರೆ, ಅವರ ಮಗ ದುಬೈಯಲ್ಲಿದ್ದಾನೆ. ಈ ಬರಹ ಓದುತ್ತಿರುವ ಗೆಳೆಯರಲ್ಲಿ ಇಂಥ ಆ್ಯಪ್‌ಗಳನ್ನು ಕಟ್ಟುವವರೇ ಹಲವರಿದ್ದೀರಿ. ನಿಮ್ಮ ಮುಂದಿನ ಮೀಟಿಂಗಿನಲ್ಲಿ ಎರಡೇ ಬೇಡಿಕೆ ಇಡಿ. ‘ಎಷ್ಟು ಗಂಟೆಗೆ’ ಎಂಬುದರ ಪಕ್ಕದಲ್ಲಿ ‘ತಿಂಡಿಗೆ ಮುಂಚೆ, ಊಟದ ಜೊತೆ, ಊಟದ ನಂತರ’ ಎಂಬ ಆಯ್ಕೆಗಳಿರಲಿ, ಊಟ ತಡವಾದರೆ ನೆನಪಿಸುವ ಹೊತ್ತೂ ಅದರ ಜೊತೆಗೇ ಮುಂದಕ್ಕೆ ಹೋಗಲಿ. ‘ಇವತ್ತು ಉಪವಾಸ’ ಎಂಬ ಒಂದು ದೊಡ್ಡ ಗುಂಡಿ ಇರಲಿ, ಕನ್ನಡದಲ್ಲಿ. ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಕಾರಣ ಕೇಳಿಕೊಂಡು ಬಂದು ಇಲ್ಲಿ ಕೆಳಗೆ ಬರೆಯಿರಿ. ನಾನು ಉತ್ತರ ಕೊಡುತ್ತೇನೆ.