ಎರಡು ತಂತಿ, ಒಂದು ಬಟನ್

ಸ್ಪೀಕರಿನ ಬೆನ್ನು ನೋಡದೇ ಇದ್ದಿದ್ದರೆ ನಾನು ಸುಖವಾಗಿರುತ್ತಿದ್ದೆ. ಆ ಭಾನುವಾರ ಪೆನ್ನಿನ ಕ್ಯಾಪು ಅದರ ಹಿಂದೆಯೇ ಉರುಳಬೇಕಾ? ಬಗ್ಗಿ ತೆಗೆಯುವಾಗ ಕಂಡಿತು. ತಂತಿ ಸಿಕ್ಕಿಸಲು ಎರಡು ತಿರುಪು ಸಾಕಾಗುವ ಕಡೆ ನಾಲ್ಕು ಇದ್ದವು. ಮೇಲೆ ಎರಡು, ಕೆಳಗೆ ಎರಡು. ಮೇಲಿನದನ್ನೂ ಕೆಳಗಿನದನ್ನೂ ಸೇರಿಸಿ ಒಂದೊಂದು ಹಿತ್ತಾಳೆ ಪಟ್ಟಿ, ಅದಕ್ಕೆ ಚಿನ್ನದ ನೀರಿನ ಲೇಪ. ಜೋಡಿಗೆ 18,000 ರೂಪಾಯಿ ಕೊಟ್ಟು ತಂದು ಐದು ವರ್ಷವಾಗಿದ್ದರೂ ನಾನು ಇದನ್ನು ಸರಿಯಾಗಿ ಗಮನಿಸಿರಲಿಲ್ಲ.

ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ತಪ್ಪು ಮಾಡಿದೆ. ಅವನು ತಕ್ಷಣ ಫೋನ್ ಮಾಡಿ, ಯಾರೋ ತೀರಿಕೊಂಡಿದ್ದಾರೆ ಅನ್ನೋ ದನಿಯಲ್ಲಿ ಕೇಳಿದ: "ಐದು ವರ್ಷದಿಂದ ಒಂದೇ ತಂತಿಯಲ್ಲಿ ಕೇಳ್ತಿದ್ದೀಯಾ?"

ಅವನು ಹೇಳಿದ್ದು ಇಷ್ಟು. ಪೆಟ್ಟಿಗೆಯೊಳಗೆ ಇಬ್ಬರು ಹಾಡುಗಾರರಿದ್ದಾರೆ. ದಪ್ಪ ದನಿಗೆ ದೊಡ್ಡ ವೂಫರ್, ಸಣ್ಣ ದನಿಗೆ ಪುಟ್ಟ ಟ್ವೀಟರ್. ಸುಮಾರು 2,000ದಿಂದ 3,000 ಹರ್ಟ್ಸ್ ಹತ್ತಿರ ಕ್ರಾಸ್ಓವರ್ ಅನ್ನೋ ಸರ್ಕ್ಯೂಟ್ ಇಬ್ಬರಿಗೂ ಪಾಲು ಮಾಡಿ ಕೊಡುತ್ತದೆ. ಹಿತ್ತಾಳೆ ಪಟ್ಟಿ ಬಿಚ್ಚಿ, ಆಂಪ್ಲಿಫೈಯರಿನಿಂದ ಇಬ್ಬರಿಗೂ ಬೇರೆ ಬೇರೆ ತಂತಿ ಎಳೆದರೆ ಅದು ಬೈ-ವೈರಿಂಗ್. "ಕಿವಿ ಮೇಲಿನ ಪರದೆ ಸರಿಸಿದ ಹಾಗಿರುತ್ತೆ ಮಗಾ" ಎಂದ. ಅಣ್ಣ ತಮ್ಮಂದಿರು ಬೇರೆ ಮನೆ ಮಾಡಿದರೆ ಜಗಳ ಕಡಿಮೆ ಅನ್ನೋ ಲೆಕ್ಕ.

ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರೋಡಿಗೆ ಹೋದೆ. ಅಲ್ಲಿ ಎಂಥ ಸಂಯಮಿಯೂ ಕೆಡುತ್ತಾನೆ. ಅಂಗಡಿಯವನು ತಂತಿಯ ತುದಿ ಸುಲಿದು, ಮಲ್ಲಿಗೆ ಮೊಳ ತೋರಿಸುವಂತೆ ಎಳೆ ಬಿಡಿಸಿ ತೋರಿಸಿದ. "99.99 ಪರ್ಸೆಂಟ್ ತಾಮ್ರ ಸರ್, ಆಕ್ಸಿಜನ್ ಇಲ್ಲ." ಒಂದೊಂದು ಸ್ಪೀಕರಿಗೆ ಎರಡೆರಡು ಸಲ, ನಾಲ್ಕು ನಾಲ್ಕು ಮೀಟರ್, ಒಟ್ಟು ಹದಿನಾರು ಮೀಟರ್. ಜೊತೆಗೆ ತಂತಿಯ ತುದಿಗೆ ಹಾಕುವ ಬನಾನಾ ಪ್ಲಗ್ಗು ಒಂದು ಡಜನ್. ಬಾಳೆಹಣ್ಣಿನ ಡಜನ್ ರೇಟೇ ಜಾಸ್ತಿಯಾಯಿತು ಎಂದು ಗೊಣಗುವ ನಾನು ಇದಕ್ಕೆ ಚೌಕಾಸಿ ಕೂಡ ಮಾಡಲಿಲ್ಲ.

ನನ್ನ ಆಂಪ್ಲಿಫೈಯರಿನ ಹಿಂದೆ ಎ, ಬಿ ಅಂತ ಎರಡು ಜೊತೆ ಕಿಂಡಿಗಳಿವೆ. ಬಿ ಇರುವುದು ಇನ್ನೊಂದು ಕೋಣೆಯ ಸ್ಪೀಕರಿಗೆ. ನಮ್ಮ ಇನ್ನೊಂದು ಕೋಣೆಯಲ್ಲಿ ಅತ್ತೆಯವರಿದ್ದಾರೆ, ಆದ್ದರಿಂದ ಆ ಕಿಂಡಿಗೆ ಇದುವರೆಗೆ ಕೆಲಸ ಬಂದಿರಲಿಲ್ಲ. ವೂಫರನ್ನು ಎಗೆ, ಟ್ವೀಟರನ್ನು ಬಿಗೆ ಸಿಕ್ಕಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ಭೀಮಸೇನ ಜೋಶಿಯವರನ್ನು ಹಚ್ಚಿ ಕಣ್ಣು ಮುಚ್ಚಿ ಕೂತೆ.

ಆಹಾ! ಎಂಥ ಬೆಚ್ಚಗಿನ ದನಿ. ಒಂಚೂರೂ ಕರ್ಕಶವಿಲ್ಲ, ಉಣ್ಣೆ ಶಾಲು ಹೊದ್ದು ಹಾಡಿದ ಹಾಗೆ. "ಗೊತ್ತಾಗ್ತಿದೆಯಾ ವ್ಯತ್ಯಾಸ?" ಎಂದು ಹೆಂಡತಿಯನ್ನು ಕೇಳಿದೆ. "ಗೊತ್ತಾಗ್ತಿದೆ" ಎಂದಳು. ಯಾವ ವ್ಯತ್ಯಾಸ ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗೆಳೆಯನಿಗೆ ಮೂರು ನಿಮಿಷದ ವಾಯ್ಸ್ ಮೆಸೇಜು ಹೋಯಿತು.

ನಮ್ಮ ಟಿವಿಯ ಸೌಂಡೂ ಇದೇ ಸ್ಪೀಕರಿನಲ್ಲಿ ಬರುತ್ತದೆ. ಎರಡನೇ ದಿನ ಅತ್ತೆ ವಾರ್ತೆ ನೋಡುತ್ತಾ, "ಪಾಪ, ಈ ಹುಡುಗಿಗೆ ನೆಗಡಿ ಆಗಿದೆ" ಎಂದರು. ಮರುದಿನ ಬೇರೆ ಹುಡುಗ ಓದಿದ. "ಇವನಿಗೂ ಅಂಟಿದೆ." ವಾರ ಕಳೆಯುವಷ್ಟರಲ್ಲಿ ಇಡೀ ಚಾನೆಲ್ಲಿಗೆ ನೆಗಡಿ. ನನಗೂ ಒಂದು ಅನುಮಾನವಿತ್ತು, ನಿಜ ಹೇಳಬೇಕಲ್ಲ. ತಂಬೂರಿ ಯಾಕೋ ಪಕ್ಕದ ಮನೆಯ ಗ್ರೈಂಡರಿನಂತೆ ಗುರ್ ಅನ್ನುತ್ತಿತ್ತು. ತಂಬೂರಿಯ ತಂತಿಗೂ ಅದನ್ನು ಹೊತ್ತ ಕುದುರೆ ಅನ್ನೋ ತುಂಡಿಗೂ ನಡುವೆ ನೂಲಿನ ಎಳೆ ಇಟ್ಟು ಹುಟ್ಟಿಸುವ ಆ ಝೇಂಕಾರಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಮನೆಯ ತಂಬೂರಿ ಜವಾರಿ ಹೋಗಿ ಫಾರಂ ಕೋಳಿಯಾಗಿತ್ತು. ಹೊಸ ತಂತಿ ಹದಕ್ಕೆ ಬರಲು ನೂರು ಗಂಟೆ ಬೇಕು ಅಂತ ಗೆಳೆಯ ಹೇಳಿದ್ದ. ಸರಿ, ಕಾದೆ.

ಹತ್ತೊಂಬತ್ತನೇ ದಿನ ಅತ್ತೆ ಧೂಳು ಒರೆಸುತ್ತಿದ್ದರು. ಟಿವಿ ಓಡುತ್ತಿತ್ತು. ಟಕ್ ಅಂತ ಒಂದು ಶಬ್ದ. ಮುಂದಿನ ಕ್ಷಣ ವಾರ್ತೆಯ ಹುಡುಗಿಯ ಬಾಯಲ್ಲಿ ಸ, ಶ, ಷ ಮೂರೂ ಫಳಫಳ ಹೊಳೆದವು.

"ಈ ಬಟನ್ ಒತ್ತಿದೆ ನೋಡಿ" ಎಂದರು ಅತ್ತೆ, "ಹುಡುಗಿಗೆ ವಾಸಿಯಾಯ್ತು."

ಬಿ ಬಟನ್ನು. ಹಿಂದೆ ತಂತಿ ಸಿಕ್ಕಿಸಿದರೆ ಸಾಲದು, ಮುಂದೆ ಬಟನ್ನೂ ಒತ್ತಬೇಕು. ಹತ್ತೊಂಬತ್ತು ದಿನ ಎರಡೂ ಟ್ವೀಟರುಗಳಿಗೆ ರಜೆ. ಹಾಡಿನ ದನಿಯ ಬಹುಪಾಲು ವೂಫರಿನಲ್ಲೇ ಬರುತ್ತದೆ, ಹಾಗಾಗಿ ಹಾಡೇನೋ ಕೇಳುತ್ತಿತ್ತು. ಹೊಳಪು ಮಾತ್ರ ಇರಲಿಲ್ಲ. ನಾನು ಪರದೆ ಸರಿಸಲು ಹೋಗಿ ಕಂಬಳಿ ಹೊದಿಸಿದ್ದೆ. ಅದಕ್ಕೆ ಮೂರು ನಿಮಿಷದ ಪ್ರಶಂಸೆ ಬೇರೆ. ಆ ಮೆಸೇಜನ್ನು ಅಳಿಸಲು ನೋಡಿದೆ, ಟೈಮ್ ಮೀರಿತ್ತು.

ಈಗಲಾದರೂ ಬೈ-ವೈರಿಂಗ್ ಕೆಲಸ ಮಾಡುತ್ತಾ? ಪೇಪರ್ ತಗೊಂಡು ಲೆಕ್ಕ ಹಾಕಿದೆ. ಈ ಬುದ್ಧಿ ಎಸ್‌.ಪಿ. ರೋಡಿಗೆ ಮುಂಚೆ ಬರಬೇಕಿತ್ತು. 2.5 ಚದರ ಮಿ.ಮೀ. ತಾಮ್ರದ ತಂತಿ, ನಾಲ್ಕು ಮೀಟರ್ ಹೋಗಿ ನಾಲ್ಕು ಮೀಟರ್ ಬರಲು ರೆಸಿಸ್ಟೆನ್ಸ್ ಸುಮಾರು 0.06 ಓಮ್. ಸ್ಪೀಕರ್ 8 ಓಮಿನದು. ನೂರಕ್ಕೆ ಒಂದು ಪಾಲೂ ಇಲ್ಲ. ಪೆಟ್ಟಿಗೆಯೊಳಗೆ ಕ್ರಾಸ್ಓವರಿನಲ್ಲಿ ಸುತ್ತಿಕೊಂಡು ಕೂತ ಕಾಯಿಲಿನದೇ ಇದಕ್ಕಿಂತ ಎಷ್ಟೋ ಜಾಸ್ತಿ. ಮೇಲಿನ ಟ್ಯಾಂಕ್ ಒಂದೇ, ಅಡುಗೆಮನೆಗೂ ಬಚ್ಚಲಿಗೂ ಬೇರೆ ಪೈಪ್ ಹಾಕಿಸಿದ ಹಾಗೆ. ಹಳೇ ಪೈಪ್ ಸಣ್ಣದಾಗಿದ್ದರೆ ಉಪಯೋಗವಿತ್ತು. ನನ್ನದು ಮೊದಲೇ ಬೋರ್‌ವೆಲ್ ಪೈಪಿನಷ್ಟು ದಪ್ಪ. ಇಬ್ಬರಿಗೂ ಬೇರೆ ಬೇರೆ ಆಂಪ್ಲಿಫೈಯರ್ ಕೊಟ್ಟರೆ ಅದು ಬೇರೆ ಕಥೆ, ಬೇರೆ ಸಾಲ.

ಆದರೂ ಮನಸ್ಸು ಕೇಳಬೇಕಲ್ಲ. ಪಟ್ಟಿ ಹಾಕಿ ಒಮ್ಮೆ, ತೆಗೆದು ಒಮ್ಮೆ ಹೋಲಿಸೋಣ ಎಂದರೆ ಹಿತ್ತಾಳೆ ಪಟ್ಟಿಗಳೇ ಕಾಣಲಿಲ್ಲ. ಮನೆಯೆಲ್ಲಾ ಹುಡುಕಿ ಕೊನೆಗೆ ದೇವರ ಮನೆಯಲ್ಲಿ ಸಿಕ್ಕವು. ದೀಪ, ಗಂಟೆ, ಪಂಚಪಾತ್ರೆಯ ಜೊತೆ ಅತ್ತೆ ಅವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಚಿನ್ನದ ನೀರು ಹೋಗಿ ಒಳಗಿನ ಹಿತ್ತಾಳೆ ನಗುತ್ತಿತ್ತು. "ಯಾವ ದೇವರದೋ ಗೊತ್ತಾಗಲಿಲ್ಲ" ಎಂದರು.

ಹೆಂಡತಿ ಸ್ಪೀಕರ್ ಹಿಂದೆ ಕೂತು ಬದಲಾಯಿಸುವುದು, ನಾನು ಬೆನ್ನು ತಿರುಗಿಸಿ ಹೇಳುವುದು. ಮೊದಲ ಮೂರು ಸುತ್ತು ಗಂಭೀರವಾಗಿ ತೀರ್ಪು ಕೊಟ್ಟೆ. ನಾಲ್ಕನೇ ಸಲ ನನಗೆ ರೋಮಾಂಚನವೇ ಆಯಿತು. "ಇದೇ! ಇದೇ ಬೈ-ವೈರಿಂಗ್! ತಂಬೂರಿ ಎಷ್ಟು ಅಗಲ ಆಯ್ತು ನೋಡು!"

ಉತ್ತರ ಅಡುಗೆಮನೆಯಿಂದ ಬಂತು. "ನಾನಿನ್ನೂ ಮುಟ್ಟೇ ಇಲ್ಲ ರೀ. ಕುಕ್ಕರ್ ಆಫ್ ಮಾಡಕ್ಕೆ ಬಂದೆ."

ಒಟ್ಟು ಆರು ಸುತ್ತಿನಲ್ಲಿ ಮೂರು ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತೇನೋ. ಪರೀಕ್ಷೆಗಾಗಿ ಸ್ಪೀಕರುಗಳನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದಿದ್ದೆವು. ಅದರಿಂದ ಮಾತ್ರ ಗುಂಯ್‌ಗುಡುವಿಕೆ ಕಡಿಮೆಯಾಗಿ, ಮೃದಂಗದ ಎಡಗಡೆ ಪೆಟ್ಟು ಬಿಡಿಬಿಡಿಯಾಗಿ ಕೇಳಿತು. ಕಾಸು ಖರ್ಚಿಲ್ಲದ ಈ ಸುಧಾರಣೆ ಸಂಜೆಯವರೆಗೆ ಉಳಿಯಿತು. ಕಸ ಗುಡಿಸುವಾಗ ಅಡ್ಡವಾಗುತ್ತದೆ ಎಂದು ಎರಡನ್ನೂ ಮತ್ತೆ ಗೋಡೆಗೆ ತಳ್ಳಲಾಯಿತು.

ಪಟ್ಟಿಗಳು ವಾಪಸ್ ಕೂತಿವೆ. ಹೆಚ್ಚಾದ ಎಂಟು ಮೀಟರ್ ತಂತಿ ದೀಪಾವಳಿಗೆ ಹೊರಬಂತು. ಹೆಂಡತಿ ಅದನ್ನು 12 ವೋಲ್ಟ್ ಅಡಾಪ್ಟರಿಗೆ ಸೇರಿಸಿ ಬಾಲ್ಕನಿಯ ಆಕಾಶಬುಟ್ಟಿಗೆ ಎಳೆದಳು. ಗೆಳೆಯ ಹಬ್ಬದೂಟಕ್ಕೆ ಬಂದವನು ತಲೆಯೆತ್ತಿ ನೋಡಿದ.

"ಬೆಳಕು ಏನ್ ಸ್ಮೂತ್ ಆಗಿದೆ ಮಗಾ" ಎಂದ. "ಯಾವ ತಂತಿ?"