ನಾವು ಒಗೆದ ಸಣ್ಣ ಪಾಕೀಟು

ನಾನಿರುವುದು ಅಮೆರಿಕದ ಟೆನ್ನೆಸೀ ರಾಜ್ಯದ ಚಟ್ಟನೂಗಾದಲ್ಲಿ. ಹುಟ್ಟಿ ಬೆಳೆದದ್ದು ಹಾವೇರಿ ಜಿಲ್ಲೆಯ ಹತ್ತಿ ಬೆಳೆಯುವ ಮನೆಯಲ್ಲಿ. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಡೇಟನ್ ಎಂಬ ಸಣ್ಣ ಊರು. 1925ರ ಜುಲೈನಲ್ಲಿ ಅಲ್ಲಿ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರ ಮೇಲೆ ಕೇಸು ನಡೆಯಿತು. ಮನುಷ್ಯ ಬೇರೆ ಪ್ರಾಣಿಗಳಿಂದ ವಿಕಾಸವಾದವನು ಎಂದು ಸರ್ಕಾರಿ ಶಾಲೆಯಲ್ಲಿ ಕಲಿಸುವುದು ಆಗ ಈ ರಾಜ್ಯದಲ್ಲಿ ಅಪರಾಧ. ನೋಡಲು ಬಂದ ಜನ ಎಷ್ಟಿದ್ದರೆಂದರೆ ಒಂದು ದಿನ ನ್ಯಾಯಾಧೀಶರು ವಿಚಾರಣೆಯನ್ನು ಹೊರಗೆ ಮರದ ನೆರಳಿಗೇ ತಂದರು. ಮೇಷ್ಟ್ರಿಗೆ 100 ಡಾಲರ್ ದಂಡ ಬಿತ್ತು. ಎರಡು ವರ್ಷದ ನಂತರ ಮೇಲಿನ ಕೋರ್ಟು ಬೇರೊಂದು ತಾಂತ್ರಿಕ ಕಾರಣಕ್ಕೆ ಆ ತೀರ್ಪನ್ನು ರದ್ದು ಮಾಡಿತು. ಕಾನೂನು ಮಾತ್ರ 1967ರ ತನಕ ಉಳಿದಿತ್ತು.

ಆ ಕೋರ್ಟು ಇಂದಿಗೂ ಇದೆ. ಅಂಗಳದಲ್ಲಿ ಎರಡು ಪ್ರತಿಮೆಗಳಿವೆ. ಒಂದು ಜೀವವಿಕಾಸದ ಸಿದ್ಧಾಂತ ಕೊಟ್ಟ ಡಾರ್ವಿನ್ ವಿರುದ್ಧ ವಾದಿಸಿದ ಬ್ರಯನ್ ಅವರದು, ಇನ್ನೊಂದು ಮೇಷ್ಟ್ರ ಪರ ನಿಂತ ವಕೀಲ ಡ್ಯಾರೋ ಅವರದು. ಎರಡನೆಯದು ನಿಂತದ್ದು 2017ರಲ್ಲಿ. ಅಷ್ಟು ತಡ!

ಇದನ್ನು ಊರಿನ ಗೆಳೆಯರಿಗೆ ಹೇಳಿದರೆ ನಗುತ್ತಾರೆ. ನಗುವುದಕ್ಕೆ ಕಾರಣವೂ ಇದೆ ಅನ್ನಿ. ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆ 1982ರಿಂದ ಅಮೆರಿಕನ್ನರಿಗೆ, ಮನುಷ್ಯ ಹೇಗೆ ಬಂದ ಎಂಬ ಒಂದೇ ಪ್ರಶ್ನೆ ಕೇಳುತ್ತಾ ಬಂದಿದೆ. 2024ರಲ್ಲೂ ನೂರಕ್ಕೆ 37 ಜನ, ದೇವರು ಮನುಷ್ಯನನ್ನು ಈಗಿರುವ ರೂಪದಲ್ಲೇ ಕಳೆದ ಹತ್ತು ಸಾವಿರ ವರ್ಷದೊಳಗೆ ಸೃಷ್ಟಿಸಿದ ಎಂದರು. ಪಕ್ಕದ ಕೆಂಟಕಿ ರಾಜ್ಯದಲ್ಲಿ ಈ ನಂಬಿಕೆಗೆಂದೇ ದೊಡ್ಡ ಮ್ಯೂಸಿಯಂ ಇದೆ. ಅಲ್ಲಿ ಡೈನೋಸಾರ್ ಮತ್ತು ಮನುಷ್ಯರು ಒಂದೇ ಕಾಲದವರು. "ಅಯ್ಯೋ, ಚಂದ್ರನ ಮೇಲೆ ಹೋದವರ ದೇಶ ಅಲ್ವಾ ಅದು?" ಎಂದು ಒಬ್ಬ ಗೆಳೆಯ ಕೇಳಿದ. ಹೌದು, ಅದೇ ದೇಶ.

ಮೊದಮೊದಲು ನಾನೂ ಅವರ ಜೊತೆ ನಗುತ್ತಿದ್ದೆ. ಈಗ ಆಗುವುದಿಲ್ಲ. ನಾವು ಡಾರ್ವಿನ್ ಜೊತೆ ಜಗಳ ಆಡುವುದಿಲ್ಲ, ನಿಜ. ಆದರೆ ಅರ್ಥ ಮಾಡಿಕೊಂಡು ಒಪ್ಪಿದ್ದೇವಾ? ನಮ್ಮಲ್ಲಿ ಈ ಮಾತು ಬಂದ ಕೂಡಲೇ ಯಾರಾದರೂ, "ಅದೆಲ್ಲ ದಶಾವತಾರದಲ್ಲೇ ಇದೆ. ಮೀನು, ಆಮೆ, ಹಂದಿ, ನರಸಿಂಹ, ಆಮೇಲೆ ಮನುಷ್ಯ" ಎನ್ನುತ್ತಾರೆ. ಎಲ್ಲರೂ ತಲೆ ಆಡಿಸುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ದಶಾವತಾರದ ಕತೆ ಕೇಳಿ ಬೆಳೆದವನು ನಾನು, ಅದರ ಮೇಲೆ ನನಗೆ ಪ್ರೀತಿಯೇ ಇದೆ. ಆದರೆ ಡಾರ್ವಿನ್ ಹೇಳಿದ್ದು ಪ್ರಾಣಿಗಳ ಸಾಲನ್ನಲ್ಲ. ಯಾವುದು ಬದುಕಿ ಮರಿ ಹಾಕುತ್ತದೋ ಅದರ ಗುಣ ಮುಂದಿನ ತಲೆಮಾರಿನಲ್ಲಿ ಜಾಸ್ತಿಯಾಗುತ್ತದೆ ಎಂಬುದನ್ನು. ಅದು ಏಣಿ ಅಲ್ಲ, ಕವಲೊಡೆಯುವ ಮರ. "ಮಂಗನಿಂದ ಮಾನವ" ಎಂಬ ನಮ್ಮ ರೂಢಿಯ ಮಾತೇ ದಾರಿ ತಪ್ಪಿಸುತ್ತದೆ. ಚಿಂಪಾಂಜಿ ನಮ್ಮ ಅಜ್ಜ ಅಲ್ಲ, ದಾಯಾದಿ. ಇಬ್ಬರಿಗೂ ಇದ್ದ ಒಂದೇ ಮೂಲ ಸುಮಾರು 60-70 ಲಕ್ಷ ವರ್ಷದ ಹಿಂದಿನದು.

2018ರ ಜನವರಿಯಲ್ಲಿ ಕೇಂದ್ರದ ಮಂತ್ರಿ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ನಮ್ಮ ಹಿರಿಯರು ಯಾರೂ ನೋಡಿಲ್ಲ, ಆದ್ದರಿಂದ ಡಾರ್ವಿನ್ ತಪ್ಪು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಅದನ್ನು ಅಲ್ಲಗಳೆದವು. ಅದರಲ್ಲಿ ಒಂದು ನಮ್ಮ ಬೆಂಗಳೂರಿನದೇ. ಆಮೇಲೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ಜೀವವಿಕಾಸದ ಪಾಠವನ್ನೇ ತೆಗೆದರು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲು ಎಂದರು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಅದನ್ನು ವಾಪಸ್ ಸೇರಿಸಿ ಎಂದು ಸಹಿ ಹಾಕಿದರು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಎಂಬುದು ಉತ್ತರ. ಹತ್ತನೇ ತರಗತಿ ಆದ ಮೇಲೆ ಎಷ್ಟು ಮಕ್ಕಳು ಜೀವಶಾಸ್ತ್ರ ಓದುತ್ತಾರೆ? ಕಾಮರ್ಸ್ ತಗೊಂಡವರು, ಐಟಿಐ ಸೇರಿದವರು, ಹೊಲಕ್ಕೆ ಹೋದವರು ಯಾರೂ ಓದುವುದಿಲ್ಲ.

ಹೊಲಕ್ಕೆ ಹೋದವರ ಮಾತಿಗೇ ಬರುತ್ತೇನೆ. ನನಗೆ ಜಾಸ್ತಿ ನೋವಾಗಿರುವುದು ಅಲ್ಲೇ.

ಭಾರತದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಆ ಗಿಡದಲ್ಲಿದೆ. ಎಲೆ, ಕಾಯಿ ತಿಂದ ಹುಳ ಸಾಯುತ್ತದೆ. ಬೀಜದ ದೊಡ್ಡ ಪಾಕೀಟಿನ ಜೊತೆ ಒಂದು ಸಣ್ಣ ಪಾಕೀಟು ಬರುತ್ತಿತ್ತು. 450 ಗ್ರಾಂ ಬಿಟಿ ಬೀಜ, 120 ಗ್ರಾಂ ನಾನ್-ಬಿಟಿ ಬೀಜ. ಸಣ್ಣದನ್ನು ಹೊಲದ ಸುತ್ತ ಸಾಲು ಹಾಕಬೇಕಿತ್ತು. "ಅದರಾಗೇನಿಲ್ಲ, ಒಗದ್ಬಿಡ್ರಿ" ಎಂದರು ಅಂಗಡಿಯವರು. ಅಪ್ಪ ಒಗೆದರು. ಕಾಕಾನೂ ಒಗೆದರು. ಊರಿನಲ್ಲಿ ಅದನ್ನು ಬಿತ್ತಿದವರನ್ನು ನಾನಂತೂ ನೋಡಲಿಲ್ಲ. ಹುಳಕ್ಕೆ ಬಲಿಯಾಗುವ ಗಿಡವನ್ನು ನಮ್ಮ ಹೊಲದಲ್ಲೇ ಯಾಕೆ ಬೆಳೆಸಬೇಕು, ಅಲ್ವಾ?

ಬೆಳೆಸಬೇಕಾದ ಕಾರಣ ಡಾರ್ವಿನ್ ಹೇಳಿದ್ದರಲ್ಲೇ ಇದೆ. ಲಕ್ಷಾಂತರ ಹುಳಗಳಲ್ಲಿ ಎಲ್ಲೋ ಒಂದೆರಡಕ್ಕೆ ಬಿಟಿ ವಿಷ ತಡೆಯುವ ಗುಣ ಹುಟ್ಟಿನಿಂದಲೇ ಇರುತ್ತದೆ. ಊರೆಲ್ಲ ಬಿಟಿ ಹತ್ತಿಯೇ ಇದ್ದರೆ ಬೇರೆಲ್ಲ ಸತ್ತು ಅವು ಮಾತ್ರ ಉಳಿಯುತ್ತವೆ. ಅವು ಒಂದಕ್ಕೊಂದು ಕೂಡಿ ಹಾಕಿದ ಮೊಟ್ಟೆಯಿಂದ ಬರುವುದೆಲ್ಲ ವಿಷಕ್ಕೆ ಜಗ್ಗದ ಸಂತಾನ. ಪಕ್ಕದಲ್ಲಿ ನಾನ್-ಬಿಟಿ ಸಾಲು ಇದ್ದರೆ ಅಲ್ಲಿ ಸಾಮಾನ್ಯ ಹುಳಗಳು ಬದುಕಿ ಪತಂಗವಾಗುತ್ತವೆ. ಗಟ್ಟಿ ಹುಳದ ಪತಂಗಕ್ಕೆ ಜೋಡಿಯಾಗಿ ಹೆಚ್ಚಾಗಿ ಇವೇ ಸಿಗುತ್ತವೆ. ಹಾಗೆ ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಬಿಟಿ ಗಿಡ ತಿಂದು ಸಾಯುತ್ತವೆ. ಇಷ್ಟೇ ವಿಷಯ. ಹತ್ತು ನಿಮಿಷದಲ್ಲಿ ಕಟ್ಟೆಯ ಮೇಲೆ ಕೂತು ಹೇಳಬಹುದಿತ್ತು. ಯಾರೂ ಹೇಳಲಿಲ್ಲ.

2010ರಲ್ಲಿ ಗುಜರಾತಿನ ಹೊಲಗಳಲ್ಲಿ ಹತ್ತಿ ಕಾಯಿ ತಿನ್ನುವ ಗುಲಾಬಿ ಕಾಯಿಕೊರಕ ಹುಳ ಒಂದೇ ಜೀನ್ ಇದ್ದ ಮೊದಲ ಬಿಟಿಗೆ ಜಗ್ಗುತ್ತಿಲ್ಲ ಎಂಬ ಸುದ್ದಿ ಬಂತು. ಆಮೇಲೆ ಎರಡು ಜೀನ್ ಇರುವ ಬಿಟಿಯೂ ಸೋತಿತು. ಒಗೆದ ಪಾಕೀಟು ಒಂದೇ ಕಾರಣ ಎನ್ನಲಾರೆ. ನಮ್ಮಲ್ಲಿ ಹತ್ತಿ ತಿಂಗಳುಗಟ್ಟಲೆ ಹೊಲದಲ್ಲೇ ನಿಲ್ಲುತ್ತದೆ, ಅದೂ ಹುಳಕ್ಕೆ ಅನುಕೂಲ. ಆದರೆ ಪಾಕೀಟು ದೊಡ್ಡ ಕಾರಣ.

ಈಗ ಇಲ್ಲಿನ ಕತೆ ಕೇಳಿ. ಅದೇ ಹುಳ, ಅದೇ ಹತ್ತಿ. ಅರಿಜೋನಾ ರಾಜ್ಯದ ರೈತರು 1996ರಿಂದ ಸುಮಾರು ಹತ್ತು ವರ್ಷ ನಾನ್-ಬಿಟಿ ಹತ್ತಿಯನ್ನು ತಪ್ಪದೆ ಹಾಕಿದರು. ಕಾನೂನು ಹಾಗಿತ್ತು. ವಿಶ್ವವಿದ್ಯಾಲಯದವರು ಪ್ರತಿ ವರ್ಷ ಹುಳ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಆಮೇಲೆ ಸಂತಾನ ಆಗದ ಪತಂಗಗಳನ್ನು ಕೋಟಿಗಟ್ಟಲೆ ಆಕಾಶದಿಂದ ಬಿಟ್ಟರು. 2018ರಲ್ಲಿ ಅಮೆರಿಕದ ಕೃಷಿ ಇಲಾಖೆ, ದೇಶದ ಹತ್ತಿ ಬೆಳೆಯುವ ಪ್ರದೇಶದಲ್ಲೆಲ್ಲ ಈ ಹುಳ ಇಲ್ಲವಾಯಿತು ಎಂದು ಘೋಷಿಸಿತು.

ಮನುಷ್ಯನ ವಿಕಾಸವನ್ನು ನೂರಕ್ಕೆ 37 ಜನ ಒಪ್ಪದ ದೇಶ ಆ ಹುಳವನ್ನು ಇಲ್ಲವಾಗಿಸಿ ತೋರಿಸಿತು. ಡಾರ್ವಿನ್ ಪಾಠ ಮಾಡಿದ್ದಕ್ಕೆ ಮೇಷ್ಟ್ರ ಮೇಲೆ ಕೇಸು ಹಾಕದ ನಮ್ಮಲ್ಲಿ ಹತ್ತಿ ಬೆಳೆದವರು ಇಂದಿಗೂ ಕಾಯಿ ಒಡೆದು ನೋಡಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅಮೆರಿಕದವರ ನಂಬಿಕೆಯನ್ನು ನಾನು ಹೊಗಳುತ್ತಿಲ್ಲ. ಡೇಟನ್ನಿನ ಆ ಕಾನೂನು ಮಕ್ಕಳಿಗೆ ಮಾಡಿದ ಅನ್ಯಾಯವೇ. ಆದರೆ ಇಲ್ಲಿ ನೂರು ವರ್ಷದಿಂದ ಜಗಳ ನಡೆದಿರುವುದರಿಂದ ಕಲಿಸುವವರು ಗಟ್ಟಿಯಾಗಿದ್ದಾರೆ. ನಮ್ಮಲ್ಲಿ ಪಾಠ ತೆಗೆದಾಗ ಎಷ್ಟು ಮನೆಗಳಲ್ಲಿ ಅಪ್ಪ ಅಮ್ಮ ಕೇಳಿದರು? ಜಗಳವೇ ಇಲ್ಲದ ಒಪ್ಪಿಗೆ ಅಸಡ್ಡೆಯೂ ಆಗಿರಬಹುದು.

ಹತ್ತನೇ ತರಗತಿಗೆ ಆ ಪಾಠ ವಾಪಸ್ ಬರಬೇಕು. ಅದೂ ಡೈನೋಸಾರ್ ಚಿತ್ರದಿಂದಲ್ಲ, ಹತ್ತಿ ಕಾಯಿಯಿಂದ ಶುರುವಾಗಬೇಕು. ಆ್ಯಂಟಿಬಯೋಟಿಕ್ ಮಾತ್ರೆಗೆ ಜಗ್ಗದ ರೋಗಾಣುವಿನಿಂದಲೂ ಶುರು ಮಾಡಬಹುದು. ಕನ್ನಡದಲ್ಲಿ ಇದನ್ನು ಸುಲಭವಾಗಿ ಹೇಳಬಹುದು.

ಕಳೆದ ತಿಂಗಳು ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಓದಿದ್ದು ಏಳನೇ ತರಗತಿ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆವಾಗ ಯಾರರ ಹೇಳಿದ್ರ ಹಾಕ್ತಿದ್ವಿ" ಎಂದರು. ಮತ್ತೆ, "ಆ ಹುಳ ಮೊಟ್ಟಿಯಿಂದ ಪತಂಗ ಆಗಾಕ ಎಷ್ಟು ದಿನ ಬೇಕು?" ಎಂದು ಕೇಳಿದರು. ಸುಮಾರು ಒಂದು ತಿಂಗಳು ಎಂದೆ. ಆ ಕಡೆ ಬಿತ್ತನೆಯಿಂದ ಕೊನೆಯ ಬಿಡಿಸುವ ತನಕ ತಿಂಗಳು ಎಣಿಸುವುದು ಕೇಳಿಸಿತು. "ಹಂಗಾರ ಒಂದು ಹಂಗಾಮಿನಾಗ ನಾಲ್ಕೈದು ತಲಿಮಾರು ಆಕ್ಕಾವಲ್ಲೋ" ಎಂದರು.