ನಿನ್ನೆ ಹಾಡತಿತ್ತು, ಇವತ್ತ ಹಾಡವಲ್ದು

ಮುಂಜಾನೆ ಐದೂವರಿಗೆ ನಮ್ಮಪ್ಪ ಬಂದು ಚಾದರ ಜಗ್ಗಿ "ಏ ತಮ್ಮಾ, ನಿನ್ನೆ ಹಾಡತಿತ್ತು, ಇವತ್ತ ಹಾಡವಲ್ದು" ಅಂದ್ರು. ಇಷ್ಟ ವರ್ಷ ಓಪನ್ ಸೋರ್ಸ್ ಅಂತ ಗುದ್ದಾಡೇನಿ, ಇಷ್ಟು ಚೊಕ್ಕ ಬಗ್ ರಿಪೋರ್ಟ್ ಯಾರೂ ಕೊಟ್ಟಿಲ್ರಿ. ರಿಗ್ರೆಶನ್ ಅಂದ್ರ ಇದ ನೋಡ್ರಿ, ನಿನ್ನೆ ನಡೀತಿದ್ದದ್ದು ಇವತ್ತ ನಡೀವಲ್ದು. ಉಳದ ಮಂದಿ "ನಾಟ್ ವರ್ಕಿಂಗ್" ಅಂತ ಎರಡ ಶಬ್ದ ಒಗದು ಹೋಗಿಬಿಡ್ತಾರ, ಯಾವಾಗಿಂದ, ಯಾವ ಮಷೀನ್ಯಾಗ, ಒಂದೂ ಹೇಳಂಗಿಲ್ಲ.

ಹಾಡೂದು ಯಾವ್ದಂದ್ರ ಧಾರವಾಡದ ನಮ್ಮ ಮನ್ಯಾಗ ಟಿವಿ ಹಿಂದ ಕುಂತಿರೋ ರಾಸ್ಪ್‌ಬೆರಿ ಪೈ. ಅಂಗೈ ಅಷ್ಟ ಬೋರ್ಡಿನ ಕಂಪ್ಯೂಟರು. ಮುಂಜಾನೆ ಮಲ್ಲಿಕಾರ್ಜುನ ಮನ್ಸೂರ ಅವ್ರ ವಚನಾ ಹಚ್ಚೂದು ಅದರ ನೌಕರಿ, ರಾತ್ರಿ ಅಪ್ಪ ಮಲಗಿದ ಮ್ಯಾಲ ನಾ ಅದಕ್ಕ ಓವರ್‌ಟೈಮ್ ಹಚ್ತೇನಿ. ಯಾಕಂದ್ರ ನಂದೊಂದು ಸಣ್ಣ ಸಿ ಪ್ರೋಗ್ರಾಮ್ ಐತಿ, ಕನ್ನಡ ಫೈಲಿನ್ಯಾಗ ಎಷ್ಟು ಶಬ್ದ ಅದಾವ ಅಂತ ಎಣಸೂದು, ಬಳಸೋರು ಕೈಬೆರಳಿನಷ್ಟ ಮಂದಿ, ಆದ್ರ ಒಬ್ಬೊಬ್ಬರದು ಒಂದೊಂದು ಥರದ ಮಷೀನು, ಎಲ್ಲಾದ್ರಾಗೂ ಟೆಸ್ಟ್ ಓಡಿಸಿ ನೋಡಬೇಕು. ಲಿನಕ್ಸಿಗೆ ನನ್ನ ಲ್ಯಾಪ್‌ಟಾಪು, ಆರ್ಮ್ ಅನ್ನೋ ಥರದ ಚಿಪ್ಪಿಗೆ ಪೈ, ವಿಂಡೋಸಿಗೆ ಬ್ಯಾಡಗಿ ಮಾಮಾ. ಮಾಮಾ ಮೆಣಸಿನಕಾಯಿ ಲೆಕ್ಕಾ ಇಡೋ ಲ್ಯಾಪ್‌ಟಾಪಿನ್ಯಾಗ ಮೈಕ್ರೋಸಾಫ್ಟಿನ ಪ್ರೋಗ್ರಾಮ್ ಕಟ್ಟೋ ಸಾಫ್ಟ್‌ವೇರ್ ವಿಜುವಲ್ ಸ್ಟುಡಿಯೋ ಹಾಕಿಟ್ಟೇನಿ, ಅವ್ರು ರಾತ್ರಿ ಅಂಗಡಿ ಮುಚ್ಚೂ ಮುಂದ ಒಂದ ಐಕಾನ್ ಒತ್ತಿದ್ರ ಸಾಕು, ಒಂಬತ್ತು ಟೆಸ್ಟ್ ಓಡ್ತಾವ. (ಇದಕ್ಕೆಲ್ಲಾ ಪುಕ್ಕಟೆ ಸರ್ವರ್ ಅದಾವಲ್ಲೋ ಅನ್ನಬ್ಯಾಡ್ರಿ, ಗೊತ್ತೈತಿ, ಹಚ್ಚೇನಿ ಹಚ್ಚೇನಿ ಅಂತ ಎರಡು ವರ್ಷ ಆತು.)

ಎದ್ದು ಹೋಗಿ ನೋಡಿದ್ರ ಪೈ ಹಂಚಿನಂಗ ಸುಡಾಕತ್ತಿತ್ತು, 32 ಜಿಬಿ ಕಾರ್ಡು ತುಂಬಿ ಕುಂತಿತ್ತು, ಎಲ್ಲಾ ಒಂದ ಲಾಗ್ ಫೈಲ್, ಅದರಾಗ ಒಂದ ಸಾಲು, "ಬೈಟ್ 255, ಬೈಟ್ 255" ಅಂತ ರಾತ್ರಿ ಪೂರ್ತಿ ಜಪಾ ಮಾಡೇತಿ. ಜಾಗಾ ಇಲ್ಲಂತ ಹಾಡಿನ ಸಾಫ್ಟ್‌ವೇರ್ ಏಳವಲ್ದು. ಅಪ್ಪ ಎಲ್ಲಾ ಕೇಳಿ, "ಅಂದ್ರ ಪರೀಕ್ಷಾದಾಗ ಫೇಲಾದಾಂವ ನೀ, ಶಿಕ್ಷಾ ನನಗ" ಅಂದು ಚಾ ಕುಡ್ಯಾಕ ಹೋದ್ರು.

ಆಗಿದ್ದೇನಪಾ ಅಂದ್ರ, ರವಿವಾರ ನಾ ಕೋಡ್ ಸ್ವಚ್ಛ ಮಾಡಾಕ ಕುಂತಿದ್ದೆ. ಫೈಲಿನಿಂದ ಒಂದೊಂದ ಬೈಟ್ ಓದೋ ಕಡೆ ಇಂಟ್ (ದೊಡ್ಡ ಅಂಕಿ ಇಡೋ ಜಾಗಾ) ಅಂತ ಇತ್ತು. ಒಂದ ಬೈಟ್ ಇಡಾಕ ಇಷ್ಟ ದೊಡ್ಡ ಡಬರಿ ಯಾಕಂತ ಅದನ್ನ ಒಂದ ಬೈಟಿನ ಚಾರ್ ಮಾಡಿದೆ. ಫೈಲ್ ಮುಗದ್ರ ಓದೋ ಫಂಕ್ಷನ್ನು ಮೈನಸ್ 1 ಕೊಡತೈತಿ. ಈ ಚಾರ್ ಅನ್ನೂದು ಮೈನಸ್ ಹಿಡೀತೈತೋ ಇಲ್ಲೋ ಅನ್ನೂದನ್ನ ಸಿ ಸ್ಟ್ಯಾಂಡರ್ಡ್ ಬರದೋರು 1989ರಾಗ ಕಂಪೈಲರಿಗೇ (ಕೋಡನ್ನ ಮಷೀನ್ ಭಾಷಾಕ್ಕ ತಿರುವೋ ಪ್ರೋಗ್ರಾಮಿಗೆ) ಬಿಟ್ಟಾರ, ಜಗಳಾ ಬಗೆಹರಸಾಕ ಬಂದ ಹಿರ್ಯಾರು ಊಟಾ ಮಾಡಿ "ನಿಮ್ಮ ನಿಮ್ಮೊಳಗ ನೋಡ್ಕೋರಿ" ಅಂತ ಎದ್ದು ಹೋದಂಗ. ನನ್ನ ಇಂಟೆಲ್ ಲ್ಯಾಪ್‌ಟಾಪಿನ್ಯಾಗ ಹಿಡೀತೈತಿ. ಆರ್ಮ್ ಲಿನಕ್ಸಿನ್ಯಾಗ ಹಿಡ್ಯಂಗಿಲ್ಲ, ಮೈನಸ್ 1 ಹೋಗಿ 255 ಆಕೈತಿ, ಫೈಲ್ ಮುಗದದ್ದು ಅದಕ್ಕ ಗೊತ್ತ ಆಗಂಗಿಲ್ಲ. ಹಂಗಂತ ಆರ್ಮ್ ಎಲ್ಲಾ ಹಿಂಗ ಅಂತಲ್ಲ, ಅದ ಆರ್ಮ್ ಆಪಲ್ ಮ್ಯಾಕಿನ್ಯಾಗ ಇದ್ರ ಹಿಡೀತೈತಿ! ಪೈ ಮ್ಯಾಲಿನ ಕಂಪೈಲರ್ "ಈ ಹೋಲಿಕಿ ಯಾವಾಗ್ಲೂ ಖರೇನ ಆಕೈತಿ" ಅಂತ ವಾರ್ನಿಂಗ್ ಕೊಟ್ಟಿತ್ತು ಪಾಪ. ವಾರ್ನಿಂಗ್ ಯಾರ್ ಓದ್ತಾರ್ರೀ.

ಆಮ್ಯಾಲ ನೆನಪಾತು, ಮಾಮಾ ಮೂರು ದಿನದಿಂದ "ಎಲ್ಲಾ ಪಾಸ್ ಅಳ್ಯಾ" ಅಂತ ಮೆಸೇಜ್ ಹಾಕಾಕತ್ತಾರ. ಫೋನ್ ಹಚ್ಚಿದೆ.

"ಮಾಮಾ, ಏನೂ ತ್ರಾಸ ಇಲ್ಲೇನ್ರಿ?"

"ಏನಿಲ್ಲೋ. ಒಂದ ಡಬ್ಬಿ ಬರತೈತಿ, ಅಬಾರ್ಟ್, ರಿಟ್ರೈ, ಇಗ್ನೋರ್ ಅಂತ ಕೇಳತೈತಿ. ನಾ ಇಗ್ನೋರ್ ಒತ್ತತೇನಿ. ಮತ್ತ ಬರತೈತಿ. ಮತ್ತ ಒತ್ತತೇನಿ."

"ಎಷ್ಟ ಸಲಾ?"

"ಮೊದಲ್ನೆ ಟೆಸ್ಟಿಗೆ 21. ಎಣಸೇನಿ."

ಲೆಕ್ಕದ ಮನಷ್ಯಾ, ತಪ್ಪಂಗಿಲ್ಲ. ಮೊದಲ್ನೆ ಟೆಸ್ಟಿನ್ಯಾಗ ಇರೂದು "ನಮಸ್ಕಾರ" ಅನ್ನೋ ಒಂದ ಶಬ್ದ. ಒತ್ತು, ದೀರ್ಘ ಎಲ್ಲಾ ಬಿಡಿಸಿದ್ರ ಯೂನಿಕೋಡಿನ್ಯಾಗ 7 ಕೋಡು, ಒಂದಕ್ಕ 3 ಬೈಟು, ಒಟ್ಟು 21. ಚಾರ್‌ನ್ಯಾಗ ಇಟ್ರ ಮಾಮಾಂದೂ ನಂದೂ ಲ್ಯಾಪ್‌ಟಾಪಿನ್ಯಾಗ ಕನ್ನಡದ ಒಂದೊಂದ ಬೈಟೂ ಮೈನಸ್ ಆಗಿ ಹೋಗತೈತಿ, ಇದು ಸ್ಪೇಸೇನು ಅಂತ ಕೇಳಿದ ಕೂಡ್ಲೆ ಮೈಕ್ರೋಸಾಫ್ಟಿನ ಡಿಬಗ್ ಬಿಲ್ಡ್ (ತಪ್ಪು ಹುಡುಕಾಕಂತ ಕಟ್ಟಿದ ಪ್ರೋಗ್ರಾಮ್) ಹೌಹಾರಿ ಆ ಡಬ್ಬಿ ತೋರಸತೈತಿ. ಲಿನಕ್ಸಿನ ಗ್ಲಿಬ್‌ಸಿ ಅನ್ನೋ ಸಿ ಲೈಬ್ರರಿ ಮೈನಸ್ ಬಂದ್ರೂ ಸಂಭಾಳಸ್ಕೊಂಡು ಸುಮ್ಮನ ಇರತೈತಿ, ಮಗಾ ತಪ್ಪು ಮಾಡಿದ್ರೂ ಅಪ್ಪನ ಮುಂದ ಹೇಳದ ಅವ್ವನಂಗ. ಹಿಂಗಾಗಿ ತಪ್ಪು ಒಂದ, ನಾನು ಬರದದ್ದು, ನನ್ನ ಮಷೀನು ಒಂದ ಬಿಟ್ಟು ಎಲ್ಲಾ ಕಡೆ ಬೊಬ್ಬಿ ಹೊಡದಿತ್ತು. ಪಾಪ ಮಾಮಾ ಬ್ಯಾಡಗಿ ಮೆಣಸಿನಕಾಯಿ ಜಾತಿ, ನೋಡಾಕ ಕೆಂಪು, ಖಾರ ಕಡಿಮಿ. ಬ್ಯಾರೆ ಯಾರರ ಆಗಿದ್ರ ಎರಡ್ನೆ ಡಬ್ಬಿಗೆ ಬೈದಿರ್ತಿದ್ರು.

ಚಾರ್ ತಗದು ಮತ್ತ ಇಂಟ್ ಹಾಕಿದೆ. ಲಾಗ್ ಅಳಸಿದೆ, ಮನ್ಸೂರ ಅವ್ರು ಹಾಡಾಕ ಚಾಲೂ ಮಾಡಿದ್ರು, ಅಪ್ಪ ಮಾತಾಡಲಿಲ್ಲ, ಅಂದ್ರ ಪಾಸ್. ರಾತ್ರಿ ಒಂಬತ್ತೂವರಿಗೆ ಮಾಮಾಂದು ಫೋನು, ಭಾಳ ಗಾಬರಿ ಆಗಿದ್ರು.

"ಅಳ್ಯಾ, ಏನ್ ಮಾಡಿಟ್ಟೀಯೋ, ನಿನ್ನೆ ತನಕ ಡಬ್ಬಿ ಬರತಿತ್ತು, ಇವತ್ತ ಬರವಲ್ದು."